ಸೀಳಿದ ಗಡಿಗೆ ಕಲಿಸಿದ ಪಾಠ



ನನ್ನೂರು ಬಬಲೇಶ್ವರ ತಾಲ್ಲೂಕಿನ ಕಾಖಂಡಕಿ. ಕಾರಹುಣ್ಣಿಮೆಯ ಕರಿಗೆ ಹೆಸರಾದ ಊರು, ಮಹಿಪತಿದಾಸರ ಊರು. ಆದಿಲಶಾಹಿ ಆಡಳಿತದ ದೊಡ್ಡ ಕೆಲಸ ಬಿಟ್ಟು ಅವರು ದಾಸರಾದರೆಂದು ನಮ್ಮ ಹಿರಿಯರು ಹೇಳುತ್ತಾರೆ. ಅದನ್ನು ಕೇಳಿ ಬೆಳೆದ ನನಗೆ, ‘ನನ್ನ ಕೆಲಸ ಇದೇ’ ಎಂಬುದು ಒಂದೇ ದಿನ ಹೊಳೆಯುತ್ತದೆ ಎನಿಸಿತ್ತು. ಹಾಗಾಗಲಿಲ್ಲ. ಇಂದು ನಾನು ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕ, ಸಂಜೆ ಹೊತ್ತು ಕುಂಬಾರ. ಇಲ್ಲಿಗೆ ಬರುವಷ್ಟರಲ್ಲಿ ಎಷ್ಟೋ ಗಡಿಗೆಗಳು ಒಡೆದಿವೆ.

ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ನಮ್ಮ ಮನೆಯಲ್ಲಿ ಪೂಜೆ ಇರಲಿಲ್ಲ. ಆದರೆ ಓಣಿಯ ಹುಡುಗರ ಜೊತೆ ಕೂತು ನಾನೂ ಎತ್ತು ಮಾಡುತ್ತಿದ್ದೆ. ಒಣಗುವಾಗ ನನ್ನ ಎತ್ತಿನ ಕುತ್ತಿಗೆ ಪ್ರತಿ ವರ್ಷ ಸೀಳುತ್ತಿತ್ತು. ಕುಂಬಾರ ಅಜ್ಜ ನಕ್ಕು, “ಎರಿ ಮಣ್ಣಿಗೆ ನೀರಡಿಕಿ ಭಾಳ ತಮ್ಮಾ. ಕುಡದು ಉಬ್ಬತೈತಿ, ಒಣಗಿದ್ರ ಕುಗ್ಗತೈತಿ” ಎನ್ನುತ್ತಿದ್ದರು.

ಪಿಯುಸಿಯಲ್ಲಿ ಮನೆಯವರ ಆಸೆಯಂತೆ ವಿಜ್ಞಾನ ತೆಗೆದುಕೊಂಡೆ. ಭೌತಶಾಸ್ತ್ರದಲ್ಲಿ ಫೇಲಾದೆ. ಯಾರ ಮುಖವನ್ನೂ ನೋಡಲಾಗದ ಆ ದಿನಗಳಲ್ಲಿ ಅಜ್ಜನ ತಿಗರಿಯ ಪಕ್ಕ ಹೋಗಿ ಕೂತೆ. ಆಗ ತಿಳಿದದ್ದು ಇಷ್ಟು.

ನಮ್ಮ ಕಪ್ಪು ಮಣ್ಣು ಬಸಾಲ್ಟ್ ಕಲ್ಲು ಶಿಥಿಲವಾಗಿ ಆದದ್ದು. ಅದರ ಜೇಡಿ ಕಣಗಳ ಪದರಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ, ನೀರು ಹೋದಾಗ ಕುಗ್ಗಿ ಸೀಳುತ್ತದೆ. ಬೇಸಿಗೆಯ ಹೊಲದಲ್ಲಿ ನಾವು ನೋಡುವ ಬಿರುಕೂ ಅದೇ. ಅದಕ್ಕೇ ಅಜ್ಜ ಕೆರೆಯ ಮಣ್ಣಿಗೆ ಸಣ್ಣ ಮರಳು, ಬೂದಿ ಬೆರೆಸುತ್ತಿದ್ದರು. ಮರಳು ಕುಗ್ಗುವುದಿಲ್ಲ, ಕುಗ್ಗುವ ಮಣ್ಣನ್ನು ಅದು ಹಿಡಿದು ನಿಲ್ಲಿಸುತ್ತದೆ. ಗಡಿಗೆಯನ್ನು ನೆರಳಲ್ಲಿ ಒಣಗಿಸಬೇಕು. ಬಿಸಿಲಲ್ಲಿಟ್ಟರೆ ಹೊರಮೈ ಮೊದಲು ಕುಗ್ಗುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ, ಆ ಎಳೆದಾಟದಲ್ಲಿ ಸೀಳುತ್ತದೆ. ಆವಿಗೆಗೆ ಮೊದಲು ಸಣ್ಣ ಉರಿ. ಅವಸರ ಮಾಡಿದರೆ ಉಳಿದ ನೀರು ಉಗಿಯಾಗಿ ಗಡಿಗೆಯನ್ನೇ ಸಿಡಿಸುತ್ತದೆ. ಸುಮಾರು 500-600 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಜೇಡಿಯ ರಚನೆಯೊಳಗಿನ ನೀರೂ ಹೋಗುತ್ತದೆ. ಆಮೇಲೆ ಎಷ್ಟು ನೆನೆಸಿದರೂ ಅದು ಮತ್ತೆ ಕೆಸರಾಗದು. ಗಾಳಿಯಾಡಿದರೆ ಕಬ್ಬಿಣದ ಅಂಶದಿಂದ ಕೆಂಪು, ಹೊಗೆ ಕಟ್ಟಿದರೆ ಕಪ್ಪು.

ಗಡಿಗೆಯ ಮೈಯ ಸಣ್ಣ ರಂಧ್ರಗಳಿಂದ ನೀರು ಹೊರಬಂದು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ತೆಗೆದುಕೊಳ್ಳುತ್ತದೆ. ಪುಸ್ತಕದಲ್ಲಿ ಅರ್ಥವಾಗದ ಗುಪ್ತೋಷ್ಣ ನನಗೆ ಅರ್ಥವಾದದ್ದು ಅಲ್ಲಿ. ಪೂರಕ ಪರೀಕ್ಷೆಯಲ್ಲಿ ಪಾಸಾದೆ.

“ಗಡಿಗೆ ಮಾರಿ ಮನೆ ನಡೆಯಲ್ಲ” ಎಂದರು ಅಬ್ಬಾ. ಅದು ಸುಳ್ಳಲ್ಲ, ಅಜ್ಜನ ಮಕ್ಕಳೇ ತಿಗರಿ ಬಿಟ್ಟಿದ್ದರು. ಚಿತ್ರಕಲೆ ಕಲಿತು ಶಿಕ್ಷಕನಾದೆ. ಆ ಕೆಲಸವನ್ನು ಮೊದಲು ಸಂಬಳಕ್ಕೆಂದೇ ಮಾಡಿದೆ. ಒಂದು ದಿನ ತರಗತಿಗೆ ಮಣ್ಣು ಒಯ್ದೆ. ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಮರುದಿನ ತನ್ನ ಸೀಳಿದ ಬಟ್ಟಲು ಹಿಡಿದು, “ಸರ್, ಇದು ಯಾಕ ಸೀಳ್ತು?” ಎಂದಳು. ಅಜ್ಜನ ಮಾತೇ ನನ್ನ ಬಾಯಿಂದ ಬಂತು. ಕಲಿಸುವುದು, ಗಡಿಗೆ ಮಾಡುವುದು ಬೇರೆಯಲ್ಲ ಎಂದು ಅಂದು ತಿಳಿಯಿತು.

ಈ ದಾರಿಯಲ್ಲಿ ದೊಡ್ಡವರು ನಡೆದಿದ್ದಾರೆ. ಶಾಂತಿನಿಕೇತನದಲ್ಲಿ ಕಲಿತ ದೇವಿ ಪ್ರಸಾದ್ 1944ರಲ್ಲಿ ಗಾಂಧೀಜಿಯ ಸೇವಾಗ್ರಾಮಕ್ಕೆ ಹೋಗಿ ಮಕ್ಕಳಿಗೆ ಚಿತ್ರಕಲೆ ಕಲಿಸಿದರು, ದೇಶದ ಹೆಸರಾಂತ ಕುಂಬಾರಿಕೆ ಕಲಾವಿದರೂ ಆದರು.

ಆಸಕ್ತಿ ಇದ್ದವರು ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಬರೆಯಿರಿ. ಪಿಯುಸಿ ನಂತರ ನಾಲ್ಕು ವರ್ಷದ ಬಿವಿಎ ಪದವಿ ಇದೆ. ಕುಂಬಾರಿಕೆಗೆಂದೇ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಆಯೋಗದ ತರಬೇತಿ ಸಂಸ್ಥೆ ಇದೆ.

ಚೆನ್ನಾಗಿ ಸುಟ್ಟ ಗಡಿಗೆ ತಟ್ಟಿದರೆ ಖಣ್ ಎನ್ನುತ್ತದೆ, ಸೀಳಿದ್ದು ಬೊದ್ದೆನ್ನುತ್ತದೆ. ನಾನು ಮಾಡಿದ ಮೊದಲ ಗಟ್ಟಿ ಗಡಿಗೆಯನ್ನು ಅಬ್ಬಾ ಬೆರಳಿಂದ ತಟ್ಟಿ ನೋಡಿದರು. ಮಡಕೆಯಂತೆ ಸದ್ದು ಮಾಡುವ ಮಣ್ಣಿನಿಂದ ಮನುಷ್ಯನ ಸೃಷ್ಟಿಯಾಯಿತೆಂದು ಸೂರಾ ರಹಮಾನ್‌ನಲ್ಲಿ ಬರುವುದನ್ನು ನೆನೆದು, ಅದನ್ನು ತಾವೇ ಒಯ್ದು ನೀರು ತುಂಬಿಟ್ಟರು.

ಯಾವ ಕೆಲಸದಲ್ಲಿ ಸೋತಾಗ ಬಿಟ್ಟು ಓಡುವ ಬದಲು ‘ಯಾಕೆ ಸೀಳಿತು?’ ಎಂದು ಕೇಳಬೇಕೆನಿಸುತ್ತದೋ, ಆ ಕೆಲಸವನ್ನು ಗಮನಿಸಿ. ಅದೇ ನಿಮ್ಮದಿರಬಹುದು.