ಕಾಕು ಮತ್ತು ತಾನ: ಚೀನೀ ಭಾಷೆಯ ಕಲಿಕೆಯಲ್ಲಿ ಭಾವ ಹಾಗೂ ಸಂಸ್ಕೃತಿ

ದ್ವಿತೀಯ ಭಾಷೆಯ ಕಲಿಕೆಯಲ್ಲಿ ಬುದ್ಧಿಯಷ್ಟೇ ಭಾವವೂ ಪಾತ್ರ ವಹಿಸುತ್ತದೆ ಎಂಬುದು ಹೊಸ ಮಾತಲ್ಲ. ಅಳುಕು, ನಾಚಿಕೆಗಳು ಕಿವಿಗೆ ಬಿದ್ದ ಭಾಷೆಯನ್ನು ಮನಸ್ಸಿನೊಳಕ್ಕೆ ಬಿಡದ ಸೋಸುಬಟ್ಟೆಯಂತೆ ವರ್ತಿಸುತ್ತವೆಂದು ಸ್ಟೀಫನ್ ಕ್ರಾಶೆನ್ 1980ರ ದಶಕದ ಆರಂಭದಲ್ಲಿ ಪ್ರತಿಪಾದಿಸಿದರು. 1986ರಲ್ಲಿ ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು ತರಗತಿಯ ಆತಂಕವನ್ನು ಅಳೆಯಲು 33 ಹೇಳಿಕೆಗಳ ಮಾಪನವೊಂದನ್ನು ರೂಪಿಸಿದರು. ಆದರೆ ಚೀನೀ ಭಾಷೆಯ ಕಲಿಕೆಯಲ್ಲಿ ಭಾವವು ಹೊರಗಿನಿಂದ ಬರುವ ಅಡ್ಡಿ ಮಾತ್ರವಲ್ಲ. ಅದು ಉಚ್ಚಾರಣೆಯ ಒಳಗೇ ನುಗ್ಗುತ್ತದೆ. ಈ ಅಂಶವನ್ನು ಕನ್ನಡ ಮಾತೃಭಾಷಿಕರ ದೃಷ್ಟಿಯಿಂದ ಇಲ್ಲಿ ಪರಿಶೀಲಿಸುತ್ತೇವೆ.

ಪ್ರಮಾಣ ಚೀನೀ ಭಾಷೆಯಾದ ಮ್ಯಾಂಡರಿನ್‌ನಲ್ಲಿ ನಾಲ್ಕು ತಾನಗಳಿವೆ: ಎತ್ತರದ ಸಮತಾನ, ಏರುತಾನ, ತಗ್ಗಿನ ತಾನ, ಇಳಿತಾನ. 'ಮಾಯ್' ಎಂಬುದನ್ನು ತಗ್ಗಿನಲ್ಲಿ ನುಡಿದರೆ 'ಕೊಳ್ಳು', ಇಳಿಸಿ ನುಡಿದರೆ 'ಮಾರು', ಏರಿಸಿ ನುಡಿದರೆ 'ಹೂಳು'. ವಿದ್ಯಾರ್ಥಿಯು 'ಮಾರುವುದೇ?' ಎಂದು ಸಂದೇಹದಿಂದ ಕೇಳುವಾಗ ಅಭ್ಯಾಸಬಲದಿಂದ ಧ್ವನಿ ಏರುತ್ತದೆ. ಕೇಳುವವನಿಗೆ 'ಹೂಳು' ಎಂಬಂತೆ ತೋರುತ್ತದೆ. ಭಾವಕ್ಕನುಗುಣವಾಗಿ ಕಂಠಧ್ವನಿ ವಿಕಾರಗೊಳ್ಳುವುದನ್ನು ನಮ್ಮ ಆಲಂಕಾರಿಕರು 'ಕಾಕು' ಎಂದು ಕರೆದರು. ಕನ್ನಡದಲ್ಲಿ ಸ್ಥಾಯಿಯ ಏರಿಳಿತವೆಲ್ಲ ಕಾಕುವಿನ ಸೊತ್ತು. ಚೀನೀ ಭಾಷೆಯಲ್ಲಿ ಅದರ ಬಹುಭಾಗವನ್ನು ಪದಗಳು ಮೊದಲೇ ವಶಪಡಿಸಿಕೊಂಡಿವೆ. ಹಾಗೆಂದು ಚೀನೀಯರು ಭಾವವಿಲ್ಲದೆ ಮಾತನಾಡುವುದಿಲ್ಲ. ತಾನಗಳನ್ನು ಸಣ್ಣ ತರಂಗಗಳಿಗೂ ವಾಕ್ಯದ ಧಾಟಿಯನ್ನು ಅವುಗಳನ್ನು ಹೊತ್ತ ದೊಡ್ಡ ಅಲೆಗೂ ಭಾಷಾವಿಜ್ಞಾನಿ ಯುಯೆನ್ ರೆನ್ ಚಾವೋ (1892–1982) ಹೋಲಿಸಿದರು. ಅಲೆ ಏರಿದರೂ ತರಂಗದ ಆಕಾರ ಕೆಡಬಾರದು.

ಭಾವದ ಉಳಿದ ಹೊರೆಯನ್ನು ವಾಕ್ಯದ ಕೊನೆಯ ನಿಪಾತಗಳು ಹೊರುತ್ತವೆ. 'ಮಾ' ಪ್ರಶ್ನೆಗೆ, 'ಪಾ' ಊಹೆಗೆ ಅಥವಾ ಮೃದುವಾದ ಸೂಚನೆಗೆ. ಇಲ್ಲಿ ಕನ್ನಡಿಗನಿಗೆ ಮನೆಯಲ್ಲೇ ಆಧಾರವಿದೆ: 'ಅವನಾ', 'ಅವನೋ', 'ಅವನೇ' ಎಂಬಲ್ಲಿ ಪ್ರಶ್ನೆ, ಸಂದೇಹ, ಅವಧಾರಣೆಗಳನ್ನು ಒಂದೊಂದು ಸ್ವರವೇ ನಿರ್ವಹಿಸುತ್ತದೆ. ನಮ್ಮವು ಯಾವ ಪದಕ್ಕಾದರೂ ಹತ್ತುತ್ತವೆ, ಅವು ವಾಕ್ಯಾಂತ್ಯದಲ್ಲಿ ನಿಲ್ಲುತ್ತವೆ. ಈ ವ್ಯತ್ಯಾಸವನ್ನು ಹೇಳಿಕೊಟ್ಟರೆ ಸಾಕು. ಆದರೆ ಇಂಗ್ಲಿಷಿನ ಮೂಲಕ ಕಲಿಸುವಾಗ ಈ ಸಾಮ್ಯವು ಅಧ್ಯಾಪಕರ ಗಮನಕ್ಕೇ ಬರುವುದಿಲ್ಲ.

ಇಂಗ್ಲಿಷಿನ ಮಧ್ಯಸ್ಥಿಕೆಯಿಂದಾಗುವ ನಷ್ಟ ಇದೊಂದೇ ಅಲ್ಲ. 1958ರಲ್ಲಿ ಚೀನಾ ಅಂಗೀಕರಿಸಿದ ಪಿನ್‌ಯಿನ್ ಎಂಬ ರೋಮನ್ ಬರಹದಲ್ಲಿ 'ಬಿ' ಅಕ್ಷರದ ಧ್ವನಿ ನಮ್ಮ ಅಲ್ಪಪ್ರಾಣ ಪಕಾರಕ್ಕೆ, 'ಪಿ' ಅಕ್ಷರದ ಧ್ವನಿ ಮಹಾಪ್ರಾಣ ಫಕಾರಕ್ಕೆ ಹತ್ತಿರ. ಕನ್ನಡ ವರ್ಣಮಾಲೆಯಲ್ಲಿ ಬರೆದು ತೋರಿಸಿದರೆ ಕ್ಷಣದಲ್ಲಿ ತಿಳಿಯುವ ಭೇದವಿದು. ಮಹಾಪ್ರಾಣವನ್ನು ನುಡಿಯಲಾರದವರನ್ನು ನಮ್ಮಲ್ಲೇ ಹಾಸ್ಯ ಮಾಡುವ ಕೆಟ್ಟ ರೂಢಿಯಿದೆ. ಅದನ್ನು ಅನುಭವಿಸಿದ ವಿದ್ಯಾರ್ಥಿಯು ಆ ನಾಚಿಕೆಯನ್ನು ಚೀನೀ ತರಗತಿಗೂ ಒಯ್ಯುವ ಸಂಭವವನ್ನು ಅಧ್ಯಾಪಕರು ಮರೆಯಬಾರದು.

ಬಂಧುವಾಚಕಗಳದು ಹೆಚ್ಚು ಸೂಕ್ಷ್ಮವಾದ ವಿಚಾರ. ತಂದೆಯ ಅಣ್ಣ, ತಂದೆಯ ತಮ್ಮ, ತಾಯಿಯ ಸೋದರ ಇವರಿಗೆ ಚೀನೀಯಲ್ಲಿ ಬೇರೆ ಬೇರೆ ಪದಗಳಿವೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಂದು ಬೆಳೆದವರಿಗೆ ಇದು ಆಪ್ತವೆನಿಸುತ್ತದೆ. 'ಅಂಕಲ್' ಎಂಬ ಒಂದೇ ಪದದ ಮೂಲಕ ಹೋದವರಿಗೆ ಹೊರೆಯಾಗುತ್ತದೆ. ಆದರೆ ಈ ಆಪ್ತತೆ ಒಂದು ಹೆಜ್ಜೆಯಾಚೆ ದಾರಿ ತಪ್ಪಿಸುತ್ತದೆ. ತಂದೆಯ ಸೋದರರ ಮಕ್ಕಳು ಮಾತ್ರ 'ಥಾಂಗ್' ವರ್ಗ. ಸೋದರತ್ತೆ, ಸೋದರಮಾವ, ತಾಯಿಯ ಸೋದರಿ ಇವರ ಮಕ್ಕಳೆಲ್ಲ 'ಪ್ಯಾವ್' ವರ್ಗ. ಅಂದರೆ ಚಿಕ್ಕಮ್ಮನ ಮಗಳೂ ಸೋದರಮಾವನ ಮಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಒಬ್ಬಳು ತಂಗಿ, ಇನ್ನೊಬ್ಬಳು ವಿವಾಹಯೋಗ್ಯಳು ಎಂಬ ಸಂಪ್ರದಾಯದವರಿಗೆ ಇದು ಕೇವಲ ಶಬ್ದಕೋಶದ ತೊಡಕಲ್ಲ, ಮನಸ್ಸಿಗೆ ಒಗ್ಗದ ಸಂಗತಿ. ಅಲ್ಲಿ ವಂಶನಾಮ ಒಂದೇ ಆಗಿದೆಯೇ ಎಂಬುದು ವಿಂಗಡಣೆಯ ತಳಹದಿಯೆಂದು ವಿವರಿಸದೆ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ವ್ಯರ್ಥ.

'ಊಟವಾಯಿತೇ?' ಎಂಬ ಕುಶಲಪ್ರಶ್ನೆ ಎರಡೂ ಕಡೆ ಇರುವುದು ಸಂತೋಷದ ವಿಷಯ. ಅದಕ್ಕೆ ವಿವರಣೆ ಬೇಕಿಲ್ಲ.

ಭಾರತದಲ್ಲಿ ಈ ಭಾಷೆಯನ್ನು ಕಲಿಯುವವರ ಭಾವಲೋಕದಲ್ಲಿ ರಾಜಕೀಯದ ನೆರಳೂ ಇದೆ. ಶಾಂತಿನಿಕೇತನದಲ್ಲಿ 1937ರಲ್ಲಿ ಚೀನಾ ಭವನ ಆರಂಭವಾದಾಗಿನ ಸೌಹಾರ್ದಕ್ಕೂ 1962ರ ಯುದ್ಧಾನಂತರದ ಶಂಕೆಗೂ ಬಹಳ ಅಂತರವಿದೆ. ಗಾಲ್ವಾನ್ ಘರ್ಷಣೆ ನಡೆದ 2020ರಲ್ಲೇ ಪ್ರಕಟವಾದ ರಾಷ್ಟ್ರೀಯ ಶಿಕ್ಷಣ ನೀತಿಯು, 2019ರ ಕರಡಿನಲ್ಲಿದ್ದ ಚೀನೀ ಭಾಷೆಯ ಉಲ್ಲೇಖವನ್ನು ವಿದೇಶೀ ಭಾಷೆಗಳ ಉದಾಹರಣೆಗಳಿಂದ ಕೈಬಿಟ್ಟಿತು. 'ಇದನ್ನೇಕೆ ಕಲಿಯುತ್ತೀ?' ಎಂಬ ಮನೆಯವರ ಪ್ರಶ್ನೆಗೆ ಉತ್ತರಿಸಬೇಕಾದ ವಿದ್ಯಾರ್ಥಿಯ ಅಳುಕನ್ನು ಅಮೆರಿಕದಲ್ಲಿ ಸಿದ್ಧವಾದ ಮಾಪನವು ಹಿಡಿಯಲಾರದು. ಅದಕ್ಕೆ ತಕ್ಕ ಪ್ರಶ್ನಾವಳಿಯನ್ನು ಇಲ್ಲಿನ ಸಂಶೋಧಕರು, ವಿದ್ಯಾರ್ಥಿಗಳ ಮಾತೃಭಾಷೆಗಳಲ್ಲೇ ಸಿದ್ಧಪಡಿಸಬೇಕಾಗಿದೆ.