ಮೋರೇರ ಮನೆಗಳು: ಹೆಸರಿಲ್ಲದವರ ಕಲ್ಲುಗೋರಿಗಳು

ಈಜಿಪ್ಟ್ ದೇಶದ ಗೋರಿಗಳ ಬಣ್ಣದ ಚಿತ್ರಗಳನ್ನು ಮಕ್ಕಳ ಪಾಠಪುಸ್ತಕದಲ್ಲಾದರೂ ನೀವು ನೋಡಿಯೇ ಇರುತ್ತೀರಿ. ಅಲ್ಲಿ ಅರಸರಿಗಷ್ಟೇ ಅಲ್ಲ, ಅಧಿಕಾರಿಗಳಿಗೂ ಚೆಂದದ ಗೋರಿಗಳಿದ್ದವು. ಲಕ್ಸರ್ ಊರಿನ ಎದುರಿಗೆ, ನೈಲ್ ನದಿಯ ಆಚೆ ದಂಡೆಯ ಗುಡ್ಡದಲ್ಲಿ ಸೆನ್ನೆಫರ್ ಎಂಬಾತನ ಗೋರಿ ಇದೆ. ಸುಮಾರು 3400 ವರ್ಷಗಳ ಹಿಂದೆ ಆತ ಥೀಬ್ಸ್ ನಗರದ ಮುಖ್ಯಾಧಿಕಾರಿ. ನೆಲದೊಳಗಿನ ಕೋಣೆಯ ಉಬ್ಬುತಗ್ಗಿನ ಚಾವಣಿಗೆ ದ್ರಾಕ್ಷಿಬಳ್ಳಿಯ ಚಿತ್ರ ಬರೆಸಿದ್ದಾರೆ. ಗೊಂಚಲು ಈಗ ತಲೆಯ ಮೇಲೆ ಬಿದ್ದೀತೇನೋ ಅನ್ನಬೇಕು! ಕಂಬಗಳ ಮೇಲೆ ಹೆಂಡತಿ ಮೆರಿಟ್ ಗಂಡನಿಗೆ ಕಾಣಿಕೆ ಕೊಡುತ್ತ ನಿಂತಿದ್ದಾಳೆ. ಇಬ್ಬರ ಹೆಸರೂ ಬರೆದಿದೆ. ಅದಕ್ಕೇ ಇಂದಿಗೂ ನಾವು ಅವರನ್ನು ಹೆಸರು ಹಿಡಿದು ಕರೆಯುತ್ತೇವೆ.

ಇರಲಿ, ಅಷ್ಟು ದೂರ ಯಾಕೆ? ನಮ್ಮ ಗಂಗಾವತಿಯಿಂದ ಹತ್ತು-ಹನ್ನೆರಡು ಕಿಲೋಮೀಟರ್ ದೂರದಲ್ಲೇ ಇಂಥ ಹಳೆಯ ಗೋರಿಗಳ ಊರೊಂದಿದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಮಂದಿ ಆನೆಗುಂದಿಗೆ, ಪಂಪಾಸರೋವರಕ್ಕೆ ಹೋಗಿ ಬರುತ್ತಾರೆ. ಹಿರೇಬೆಣಕಲ್ ಗುಡ್ಡ ಮಾತ್ರ ಹತ್ತುವುದಿಲ್ಲ.

ಏಳು ಗುಡ್ಡಗಳ ಸಾಲಿನ ಮೇಲೆ ಇಲ್ಲಿ ಸುಮಾರು 400 ಶಿಲಾಸಮಾಧಿಗಳಿವೆ. ಜನ ಇವನ್ನು ಮೋರೇರ ಮನೆ ಎನ್ನುತ್ತಾರೆ. ಮೋರೇರೆಂದರೆ ಬಲು ಕುಳ್ಳಗಿನ ಜನ, ಅವರೇ ಈ ಕಲ್ಲುಮನೆ ಕಟ್ಟಿಕೊಂಡು ಬಾಳಿದರು ಎಂಬುದು ಹಿರಿಯರ ಕತೆ. ನೋಡಿದರೆ ಮನೆಯಂತೆಯೇ ಇವೆ. ಮೂರೋ ನಾಲ್ಕೋ ಚಪ್ಪಡಿ ನೆಟ್ಟಗೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಮುಂದಿನ ಕಲ್ಲಿಗೆ ದುಂಡನೆಯ ಕಿಂಡಿ. ಕೆಲವು ಮೊಣಕಾಲೆತ್ತರ, ಕೆಲವು ಎಂಟು-ಹತ್ತು ಅಡಿ. ಆದರೆ ಇವು ಬಾಳುವ ಮನೆಗಳಲ್ಲ, ಸತ್ತವರ ನೆನಪಿಗೆ ಕಟ್ಟಿದವು. ಕ್ರಿಸ್ತಪೂರ್ವ 800ರಿಂದ 200ರವರೆಗಿನ ಕಾಲದವೆಂದು ತಿಳಿದವರ ಲೆಕ್ಕ. ಅಂದರೆ ವಿಜಯನಗರಕ್ಕಿಂತ ಸಾವಿರಾರು ವರ್ಷ ಹಿರಿಯವು.

ಇಷ್ಟು ದೊಡ್ಡ ಕಲ್ಲುಗಳನ್ನು ತಂದದ್ದೆಲ್ಲಿಂದ ಅಂತೀರಾ? ಅಲ್ಲಿಂದಲೇ. ನಮ್ಮ ಕಡೆಯ ಬಂಡೆ ಬಿಸಿಲಿಗೆ ಪದರು ಪದರಾಗಿ ಏಳುತ್ತದೆಯಲ್ಲ, ಆ ಪದರನ್ನೇ ಎಬ್ಬಿಸಿದರು. ಕಲ್ಲು ತೆಗೆದ ಜಾಗದಲ್ಲಿ ನೀರು ನಿಂತು ಕೆರೆಯಾಗಿದೆ. ಕೊಡಲಿ, ಉಳಿ ಮಾಡಲು ಅವರಿಗೆ ಕಬ್ಬಿಣ ಗೊತ್ತಿತ್ತು. ಅವರ ಮಡಕೆಗಳಂತೂ ನಮ್ಮಂಥ ಅಡಿಗೆಯವರು ಮೆಚ್ಚುವಂಥವು: ಒಳಗೆ ಕಪ್ಪು, ಹೊರಗೆ ಕೆಂಪು. ಮಡಕೆ ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿಯಾಡದೆ ಕಪ್ಪಾಗುತ್ತದೆ, ಗಾಳಿ ತಗುಲಿದ ಹೊರಮೈ ಕೆಂಪಗೆ ಬೇಯುತ್ತದೆ. ಎಂಥಾ ಜಾಣತನ ನೋಡಿ!

ಸೆನ್ನೆಫರನ ಗೋರಿಯಂತೆ ಇವುಗಳ ಗೋಡೆಗೆ ಬಣ್ಣದ ಬೆಡಗಿಲ್ಲ. ಚಿತ್ರಗಳಿರುವುದು ಸುತ್ತಲಿನ ಬಂಡೆಗಳ ಗವಿಗಳಲ್ಲಿ. ಕೆಮ್ಮಣ್ಣಿನಲ್ಲಿ ಬರೆದ ಜಿಂಕೆ, ನವಿಲು, ಬೇಟೆಗಾರರು, ಕುದುರೆ ಏರಿದವರು, ಕೈ ಕೈ ಹಿಡಿದು ಸಾಲಾಗಿ ಕುಣಿಯುವ ಜನ. ಅಲ್ಲೊಂದು ಎತ್ತರದ ಗುಂಡಿನ ಮೇಲೆ ನಗಾರಿಯಾಕಾರದ ಕಲ್ಲಿದೆ. ಕಟ್ಟಿಗೆಯಿಂದ ಬಡಿದರೆ ಅದರ ಸದ್ದು ದೂರದವರೆಗೆ ಕೇಳುತ್ತದೆ. ಸಾವಾಯಿತೆಂದೋ ಹಬ್ಬವೆಂದೋ ಊರವರನ್ನು ಕೂಡಿಸಲು ಬಡಿಯುತ್ತಿದ್ದರೇನೋ.

ಸುರಪುರದಿಂದ ನಮಗೆ ಪರಿಚಿತನಾದ ಮೆಡೋಸ್ ಟೇಲರ್ 1835ರಲ್ಲೇ ಈ ಸ್ಥಳದ ಬಗ್ಗೆ ಬರೆದ. ನಮ್ಮವರೇ ಆದ ಡಾ. ಅ. ಸುಂದರ ಅವರು ಇಂಥ ಶಿಲಾಸಮಾಧಿಗಳನ್ನು ಅಭ್ಯಾಸ ಮಾಡಿ 1975ರಲ್ಲಿ ಗ್ರಂಥ ಹೊರತಂದರು. 2021ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೂ ಹಿರೇಬೆಣಕಲ್ ಸೇರಿತು.

ಪಟ್ಟಿಗೆ ಸೇರಿದ ಮಾತ್ರಕ್ಕೆ ಕಲ್ಲು ಉಳಿಯುವುದಿಲ್ಲ, ಸೋದರಿಯರೇ. ನಿಧಿಯಾಸೆಗೆ ಅಗೆದವರು ಎಷ್ಟೋ ಗೋರಿಗಳನ್ನು ಕೆಡವಿದ್ದಾರೆ. ಅಲ್ಲಿ ಬಂಗಾರವೂ ಇಲ್ಲ, ಹೊನ್ನಿನ ಕೊಪ್ಪರಿಗೆಯೂ ಇಲ್ಲ. ಇದ್ದದ್ದು ಮಡಕೆ, ಕಬ್ಬಿಣ, ಯಾರದೋ ಮನೆಯವರ ಕಣ್ಣೀರು. ಸೆನ್ನೆಫರನ ಹೆಸರು ಗೋಡೆಯ ಮೇಲಿದೆ. ಇವರಿಗೆ ಅಕ್ಷರವಿರಲಿಲ್ಲ, ಹೆಸರಿಲ್ಲ, ಉಳಿದದ್ದು ಕಲ್ಲೊಂದೇ. ಅದೂ ಬಿದ್ದರೆ ಅವರು ಇದ್ದರೆಂಬ ಗುರುತೇ ಅಳಿಯಿತು.

ಹೋಗುವವರಿಗೆ ನಾಲ್ಕು ಮಾತು:

• ಬೇಸಿಗೆ ಬೇಡ. ದೀಪಾವಳಿ ಕಳೆದ ಮೇಲೆ, ಬಿಸಿಲೇರುವ ಮುನ್ನ ಗುಡ್ಡ ಹತ್ತಿ. ದಾರಿ ಬಲ್ಲ ಊರವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ.

• ಬುತ್ತಿ, ನೀರು ಮನೆಯಿಂದಲೇ ಒಯ್ಯಿರಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕೆಡುವುದಿಲ್ಲ. ಕಾಗದ, ಚೀಲ ಅಲ್ಲಿ ಬಿಸಾಡಬೇಡಿ.

• ಜಾರದ ಚಪ್ಪಲಿ ಇರಲಿ. ಮಕ್ಕಳನ್ನು ಚಪ್ಪಡಿಗಳ ಮೇಲೆ ಹತ್ತಗೊಡಬೇಡಿ.

• ಚಿತ್ರ ಎದ್ದು ಕಾಣಲೆಂದು ನೀರು ಚಿಮುಕಿಸಬೇಡಿ, ಸುಣ್ಣದಲ್ಲಿ ತಿದ್ದಬೇಡಿ. ಮಕ್ಕಳು ಅಲ್ಲಿ ತಮ್ಮ ಹೆಸರು ಗೀಚದಂತೆ ನೋಡಿಕೊಳ್ಳಿ.

ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವವರು ನಾವು. ಈ ಗುಡ್ಡದಲ್ಲಿ ಮಲಗಿದವರೂ ಯಾರೋ ಇಟ್ಟ ಎಡೆ ಉಂಡ ಹಿರಿಯರೇ. ಅವರ ಮನೆಗೆ ಹೋದಾಗ ಒಂದು ಕಲ್ಲನ್ನೂ ಅಲುಗಿಸದೆ ಬಂದರೆ ಅದೇ ನಾವು ಅವರಿಗಿಡುವ ಎಡೆ.