ತಾತ ದುರ್ಯೋಧನನಾದ ರಾತ್ರಿ

ಅಮೆರಿಕದಲ್ಲಿರುವ ನನ್ನ ಗೆಳತಿ ಪ್ರತಿ ಡಿಸೆಂಬರ್‌ನಲ್ಲೂ ಮಕ್ಕಳಿಗೆ ಹೊಸ ಬಟ್ಟೆ ಹಾಕಿ 'ನಟ್‌ಕ್ರ್ಯಾಕರ್' ಬ್ಯಾಲೆಗೆ ಕರ್ಕೊಂಡು ಹೋಗ್ತಾಳೆ. 1892ರಲ್ಲಿ ರಷ್ಯಾದಲ್ಲಿ ಮೊದಲು ಆಡಿದ ನೃತ್ಯನಾಟಕ ಅದು. ಸುಮಾರು ಎರಡು ಗಂಟೇಲಿ ಮುಗಿಯುತ್ತೆ, ಮಕ್ಕಳು ಹೊತ್ತಿಗೆ ಸರಿಯಾಗಿ ಮಲಗ್ತಾರೆ. ನಮ್ಮ ಪಾಂಡವಪುರದ ಕಡೆ ಜಾತ್ರೆ ನಾಟಕ ಶುರುವಾಗೋದೇ ರಾತ್ರಿ ಒಂಬತ್ತರ ಮೇಲೆ. ಮುಗಿಯೋದು ಕೋಳಿ ಕೂಗಿದಾಗ!

ಮಂಡ್ಯ ಸೀಮೆಯವರಿಗೆ 'ಕುರುಕ್ಷೇತ್ರ' ಅಂದ್ರೆ ಏನು ಅಂತ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳ್ತೀನಿ: ಆಡೋರು ಊರಿನ ರೈತರು, ಅಂಗಡಿಯವರು, ಮೇಷ್ಟ್ರುಗಳು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು ಕಲಿಸ್ತಾರೆ. ಸೀನರಿ, ಕಿರೀಟ ಬಾಡಿಗೆಗೆ ಬರುತ್ತೆ. ಪಾತ್ರ ಬೇಕಂದ್ರೆ ನೀವೇ ದುಡ್ಡು ಕಟ್ಟಬೇಕು, ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ನಮ್ಮಪ್ಪ ವರ್ಷಾನುಗಟ್ಟಲೆ ದುರ್ಯೋಧನನಿಗೇ ಕಟ್ಟಿದ್ದಾರೆ. ಅವ್ವನ ಸಿಟ್ಟಿಗೆ ಅದೂ ಒಂದು ಕಾರಣ.

ಹೋದ ವರ್ಷ ಐದು ವರ್ಷದ ಮಗಳನ್ನು ಮೊದಲ ಸಲ ಕರ್ಕೊಂಡು ಹೋದೆ. ಚಾಪೆ, ಹೊದಿಕೆ, ಕಡ್ಲೆಪುರಿ ಎಲ್ಲಾ ಇತ್ತು, ತಯಾರಿ ಮಾತ್ರ ಇರಲಿಲ್ಲ. ಮಧ್ಯರಾತ್ರಿಗೆ ಅವಳು ಮಲಗಿಬಿಟ್ಟಳು. ಎಚ್ಚರವಾಗಿದ್ದು ಬೆಳಗಿನ ಜಾವ, ಸರಿಯಾಗಿ ಗದಾಯುದ್ಧದ ಹೊತ್ತಿಗೆ. ಭೀಮ ಹೊಡೆದ, ತಾತ ಬಿದ್ದರು. ಮಗು ಕಿರುಚಿದ್ದು ಹಾರ್ಮೋನಿಯಂಗಿಂತ ಜೋರಾಗಿ ಕೇಳಿಸ್ತು. ಆಮೇಲೆ ವಾರಗಟ್ಟಲೆ ತಾತ ಫೋನ್ ಮಾಡಿದ್ರೆ ಮಾತಾಡಲಿಲ್ಲ. ಅಪ್ಪ "ಬಿಡವ್ವ, ಮಗ ಅದು" ಅಂದ್ರು. ಆದ್ರೆ ಅವರಿಗೆ ನೋವಾಗಿತ್ತು ಅನ್ನೋದು ದನಿಯಲ್ಲೇ ಗೊತ್ತಾಗ್ತಿತ್ತು.

ಈ ವರ್ಷ ಅಪ್ಪನಿಗೆ 68. ಎತ್ತರದ ಹಾಡಿಗೆ ಉಸಿರು ಸಾಲ್ತಿಲ್ಲ, ಇದೇ ಕೊನೇ ಸಲ ಅಂದ್ರು. ಹಾಗಾಗಿ ಎರಡು ದಿನ ರಜೆ ಹಾಕಿ ಮೊದಲೇ ಊರಿಗೆ ಹೋದೆ.

ಸಂಜೆ ಕುಂತಿಬೆಟ್ಟದ ಬುಡದಲ್ಲಿ ಕೂತು ಕತೆ ಹೇಳಿದೆ. ವನವಾಸದಲ್ಲಿ ಪಾಂಡವರು ಕುಂತಿ ಜೊತೆ ಇಲ್ಲಿದ್ದರು ಅನ್ನೋದು ಪ್ರತೀತಿ, ಊರಿನ ಹೆಸರಿಗೂ ಅದೇ ಮೂಲ. (ಬ್ರಿಟಿಷರ ಕಾಲದಲ್ಲಿ ಇದು ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪು ಕಡೆಯ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಜಾಗ. ಮಗಳಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ.) ಕೊನೆಗೆ ದುರ್ಯೋಧನ ಬೀಳ್ತಾನೆ ಅಂತಲೂ ಮುಚ್ಚಿಡದೆ ಹೇಳಿದೆ. "ತಾತ ಬೀಳ್ತಾರಾ?" "ದುರ್ಯೋಧನ ಬೀಳ್ತಾನೆ. ತಾತ ಬಿದ್ದಂಗೆ ಮಾಡ್ತಾರೆ." ನಂಬಿದ ಹಾಗೆ ಕಾಣಲಿಲ್ಲ.

ಮಧ್ಯಾಹ್ನ ನಿದ್ದೆ ಮಾಡಿಸಿದ್ದೆ. ನಾಟಕದ ದಿನ ಮಕ್ಕಳಿಗೆ ಅದು ಬೇಕೇ ಬೇಕು. ಎಂಟು ಗಂಟೆಗೆ ಸ್ಟೇಜ್ ಹಿಂದೆ ಬಣ್ಣ ಹಚ್ಚೋ ಜಾಗಕ್ಕೆ ಕರ್ಕೊಂಡು ಹೋದೆ. ಅಪ್ಪ ಮೀಸೆ ಬರೆಸಿಕೊಳ್ತಿದ್ರು, ಕನ್ನಡಿ ಹಿಡಿಯೋ ಕೆಲಸ ಇವಳಿಗೆ ಸಿಕ್ತು. ಪಕ್ಕದಲ್ಲೇ ಭೀಮ ಲೋಟ ಹಿಡಿದು ಟೀ ಕುಡೀತಿದ್ರು. "ನಮ್ಮ ತಾತನಿಗೆ ಜೋರಾಗಿ ಹೊಡೀಬೇಡಿ" ಅಂದಳು. "ಆಯ್ತು ಕಣವ್ವ" ಅಂತ ಭೀಮ ಗದೆ ಅವಳ ಕೈಗೆ ಕೊಟ್ರು. ಎತ್ತಿ ನೋಡಿ ನಕ್ಕಳು, ಅಷ್ಟು ಹಗುರ.

ಈ ಸಲವೂ ಮಧ್ಯೆ ಮಲಗಿದಳು. ಮಲಗಲಿ, ಇಡೀ ನಾಟಕ ನೋಡಲೇಬೇಕು ಅಂತ ಮಕ್ಕಳಿಗೇನೂ ಹಟ ಬೇಡ. ಗದಾಯುದ್ಧಕ್ಕೆ ನಾನೇ ಎಬ್ಬಿಸಿದೆ. ತಾತ ಬಿದ್ದರು. ನನ್ನ ಕೈ ಬಿಗಿಯಾಗಿ ಹಿಡ್ಕೊಂಡಳು, ಅಳಲಿಲ್ಲ. ಪಕ್ಕದ ಚಾಪೆಯಲ್ಲಿ ಯಾರದೋ ಪುಟ್ಟ ಹುಡುಗ ಅಳೋಕೆ ಶುರು ಮಾಡಿದ. ಇವಳು ಅವನ ಕಡೆ ಬಗ್ಗಿ ಹೇಳಿದಳು:

"ಅಳಬೇಡ, ಅದು ನಮ್ಮ ತಾತ. ಪರದೆ ಬಿದ್ದ ಮೇಲೆ ಎದ್ದು ಟೀ ಕುಡೀತಾರೆ."